ನಿಂಬೆಗಿಡವಿಲ್ಲದ ಅಂಗಳ

ಸೆಂಟರ್‌ವಿಲ್

ಒಂದೇ ಕಥೆಯನ್ನು ಒಂದೇ ಸಂಜೆ ಎರಡು ಸಲ ಹೇಳಿದ್ದರಿಂದ ನಾವು ಸ್ಪೇನಿಗೆ ಹೋದೆವು.

ವರ್ಜೀನಿಯಾದ ನಮ್ಮ ಊರು ಸೆಂಟರ್‌ವಿಲ್‌ನಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್. ಬಾಗಿಲೊಳಗೆ ಚಪ್ಪಲಿ, ಶೂಗಳ ರಾಶಿ. ಅಡುಗೆಮನೆಯಲ್ಲಿ ಬಿಸಿಬೇಳೆಬಾತು, ಪಾಸ್ತಾಗಳ ಅಲ್ಯೂಮಿನಿಯಂ ಟ್ರೇಗಳು. ಬೇಸ್‌ಮೆಂಟಿನಲ್ಲಿ ಮಕ್ಕಳ ಗದ್ದಲ. ಊಟಕ್ಕೆ ಮೊದಲು ಯಾರೋ ಪ್ರವಾಸದ ಮಾತು ತೆಗೆದರು. ನಾನು ನನ್ನ ಕೊರ್ದೋಬಾದ ಕಥೆ ಹೇಳಿದೆ.

ಕಥೆ ಇಷ್ಟೇ. ಅಮೆರಿಕಕ್ಕೆ ಓದಲು ಬಂದ ಹೊಸದರಲ್ಲಿ ಮ್ಯಾಡ್ರಿಡ್‌ನ ಒಂದು ವಿಚಾರಸಂಕಿರಣಕ್ಕೆ ಹೋಗಿದ್ದೆ. ಒಂದು ದಿನ ಕದ್ದು ದಕ್ಷಿಣದ ಕೊರ್ದೋಬಾಕ್ಕೆ ರೈಲು ಹತ್ತಿದೆ. ಸುಡುವ ಮಧ್ಯಾಹ್ನ, ಓಣಿಗಳಲ್ಲಿ ದಾರಿ ತಪ್ಪಿ, ತೆರೆದಿದ್ದ ಬಾಗಿಲೊಂದರೊಳಗೆ ಕಾಲಿಟ್ಟೆ. ಒಳಗೆ ಬಿಳಿ ಗೋಡೆಗಳ ಅಂಗಳ, ನಡುವೆ ಬಾವಿ, ಬಾವಿಯ ಪಕ್ಕ ಹಣ್ಣು ತುಂಬಿದ ನಿಂಬೆಗಿಡ. ಕಪ್ಪು ಬಟ್ಟೆ ತೊಟ್ಟ ಮುದುಕಿಯೊಬ್ಬಳು ಉದ್ದ ಕೋಲಿನ ತುದಿಗೆ ತಗಡಿನ ಡಬ್ಬಿ ಕಟ್ಟಿಕೊಂಡು, ಗೋಡೆಯ ಮೇಲೆತ್ತರಕ್ಕೆ ತಗುಲಿಸಿದ್ದ ಹೂಕುಂಡಗಳಿಗೆ ನೀರು ಹಾಕುತ್ತಿದ್ದಳು. ಅವಳು ನನ್ನನ್ನು ನೋಡಿ ಬೆಚ್ಚಲಿಲ್ಲ, ಬೈಯಲಿಲ್ಲ. ಬೊಗಸೆಗೆ ನೀರು ಸುರಿದಳು, ಗಿಡದಿಂದ ಒಂದು ನಿಂಬೆಹಣ್ಣು ಕಿತ್ತು ಕೊಟ್ಟಳು. ಆ ಹಣ್ಣನ್ನು ಜೇಬಿನಲ್ಲಿಟ್ಟುಕೊಂಡು ಅಮೆರಿಕದವರೆಗೂ ತಂದೆ. ವಿಮಾನ ನಿಲ್ದಾಣದ ಅಧಿಕಾರಿ ಅದನ್ನು ಎರಡು ಬೆರಳಲ್ಲಿ ಹಿಡಿದು, ಸತ್ತ ಇಲಿ ಎತ್ತಿದವನಂತೆ ಮುಖ ಮಾಡಿ ಕಸದ ತೊಟ್ಟಿಗೆ ಹಾಕಿದ. ಕಥೆ ಇಲ್ಲಿಗೆ ಬಂದಾಗ ಎಲ್ಲರೂ ನಗುತ್ತಾರೆ. ಅಂದೂ ನಕ್ಕರು.

ಊಟವಾದ ಮೇಲೆ ಅದೇ ಕಥೆಯನ್ನು ಅದೇ ಜನಕ್ಕೆ, ಅದೇ ಉತ್ಸಾಹದಿಂದ ಮತ್ತೆ ಹೇಳಿದೆ. ಇಲಿಯ ತನಕ ಬಂದೆ. ಎಲ್ಲರೂ ಮತ್ತೆ ನಕ್ಕರು.

ಮನೆಗೆ ಹೋಗುವಾಗ ಹೆಂಡತಿ ಸುಮತಿ ಡ್ರೈವ್ ಮಾಡುತ್ತಿದ್ದಳು. ದಾರಿಯಲ್ಲಿ ಕೇಳಿದಳು. “ರೀ, ಅವರೆಲ್ಲ ಎರಡನೇ ಸಲಾನೂ ಯಾಕೆ ನಕ್ರು ಗೊತ್ತಾಯ್ತಾ?”

“ಎರಡನೇ ಸಲ ಎಲ್ಲಿ?” ಎಂದೆ.

ಕೆಂಪು ದೀಪ ಹಸಿರಾದರೂ ಕಾರು ಒಂದು ಕ್ಷಣ ನಿಂತೇ ಇತ್ತು.

ನಾನು ಫೇರ್‌ಫ್ಯಾಕ್ಸ್‌ನ ವಿಶ್ವವಿದ್ಯಾಲಯವೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವನು. ಯಾರು ಏನು ಹೇಳಿದರೂ ‘ಸಾಕ್ಷಿ ಎಲ್ಲಿ’ ಎನ್ನುವುದು ನನ್ನ ಕಸುಬು, ಅದಕ್ಕೂ ಮೊದಲು ನನ್ನ ಚಾಳಿ. ನನ್ನ ತಾಯಿ ಕೊನೆಯ ವರ್ಷಗಳಲ್ಲಿ ನನ್ನನ್ನು ಪೋಸ್ಟ್‌ಮ್ಯಾನ್ ಎಂದುಕೊಂಡು, ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದಳು. ಅದು ಸುಮತಿಗೂ ಗೊತ್ತು. ಷಾರ್ಲೆಟ್‌ನಲ್ಲಿರುವ ಮಗಳು ನಂದಿತಾಗೆ ಅದೇ ವಾರ ನನ್ನ ಎರಡನೇ ಸಲದ ಕಥೆಯ ಸುದ್ದಿ ಮುಟ್ಟಿತು. ಅವಳು ಫೋನಿನಲ್ಲೇ ನರರೋಗ ತಜ್ಞರ ಬಳಿ ನನಗೊಂದು ಅಪಾಯಿಂಟ್‌ಮೆಂಟ್ ಗೊತ್ತು ಮಾಡಿಬಿಟ್ಟಳು.

“ಅಪ್ಪಾ, ಇಟ್ಸ್ ಜಸ್ಟ್ ಎ ಟೆಸ್ಟ್. ನೀನು ಸ್ಟೂಡೆಂಟ್ಸ್‌ಗೆ ಎಷ್ಟೊಂದು ಟೆಸ್ಟ್ ಕೊಟ್ಟಿದ್ದೀಯ. ನೌ ಯೂ ಟೇಕ್ ವನ್.”

ನಾನು ಹೋಗುವುದಿಲ್ಲ ಎಂದೆ. ಸುಮತಿ ಹೋಗಲೇಬೇಕು ಎಂದಳು. ವಾದ ಎಲ್ಲೆಲ್ಲೋ ಸುತ್ತಿ ಕೊನೆಗೆ ಕೊರ್ದೋಬಾಕ್ಕೆ ಬಂತು. ಒಮ್ಮೆ ಮರೆತ ಮಾತ್ರಕ್ಕೆ ಎಲ್ಲ ಮರೆತಂತಾಗುವುದಿಲ್ಲ, ಆ ಅಂಗಳ ಈಗಲೂ ನನ್ನ ಕಣ್ಣಲ್ಲಿದೆ, ಬೇಕಾದರೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದೆ. ಸಿಟ್ಟಿನ ಮಾತು ಅದು. ಸುಮತಿ ಅದನ್ನು ಹಿಡಿದುಕೊಂಡಳು.

“ಸರಿ, ತೋರಿಸಿ. ನಿಂಬೆಗಿಡ, ಬಾವಿ, ಮುದುಕಿ. ನೀವು ಹೇಳಿದ ಹಾಗೇ ಇದ್ರೆ ಅಪಾಯಿಂಟ್‌ಮೆಂಟ್ ನಾನೇ ಕ್ಯಾನ್ಸಲ್ ಮಾಡಿಸ್ತೀನಿ. ಇಲ್ದಿದ್ರೆ ಬಾಯಿ ಮುಚ್ಕೊಂಡು ಹೋಗ್ಬೇಕು.”

“ಮುದುಕಿ ಇಷ್ಟು ವರ್ಷ ಇರ್ತಾಳೇನೇ?”

“ಮುದುಕೀನ ಬಿಟ್ಟೆ. ನಿಂಬೆ, ಬಾವಿ ಎರಡೂ ಇರ್ಬೇಕು.”

ಒಬ್ಬ ಮನುಷ್ಯನ ನೆನಪನ್ನು ಒಂದು ಗಿಡದಿಂದ ಅಳೆಯುವುದು ಎಂಥ ಕೆಟ್ಟ ಪ್ರಯೋಗವೆಂದು ನನ್ನ ಮೊದಲ ವರ್ಷದ ವಿದ್ಯಾರ್ಥಿಯೂ ಹೇಳಬಲ್ಲ. ನಾನು ಒಪ್ಪಿಕೊಂಡೆ.

ಆಲಿವ್ ಮರಗಳ ನಡುವೆ

ಸೆಮಿಸ್ಟರ್ ಮುಗಿದ ಕೂಡಲೇ, ಮೇ ತಿಂಗಳಲ್ಲಿ ಹೊರಟೆವು. ಮ್ಯಾಡ್ರಿಡ್‌ನಿಂದ ಹೊರಟ ರೈಲು ಎಷ್ಟು ವೇಗವಾಗಿ, ಎಷ್ಟು ಮೆತ್ತಗೆ ಓಡುತ್ತಿತ್ತೆಂದರೆ, ನಾವು ಕುಳಿತಲ್ಲೇ ಇದ್ದು ದೇಶವನ್ನೇ ಯಾರೋ ಹಿಂದಕ್ಕೆ ಎಳೆಯುತ್ತಿರುವಂತೆ ಕಾಣುತ್ತಿತ್ತು. ಕೆಂಪು ಮಣ್ಣಿನ ದಿಣ್ಣೆಗಳ ಮೇಲೆ ಆಲಿವ್ ಮರಗಳು ಬಾಚಣಿಗೆಯಲ್ಲಿ ಬಾಚಿದಷ್ಟು ಸಾಲಾಗಿದ್ದವು. ಒಂದು ದಿಣ್ಣೆ ಮುಗಿದರೆ ಅಂಥದೇ ಇನ್ನೊಂದು. ಕಣ್ಣು ಮುಚ್ಚಿ ತೆರೆದರೆ ಮೊದಲಿನದೇ ಮತ್ತೆ ಬಂದಿದೆಯೇನೋ ಅನ್ನಿಸುತ್ತಿತ್ತು.

“ಈ ದಾರಿ ನೆನಪಿದೆಯಾ?” ಎಂದಳು ಸುಮತಿ.

ಇಲ್ಲ ಎನ್ನಬೇಕಿತ್ತು. “ಹೂಂ, ಆಗ ರೈಲು ನಿಧಾನ. ಕಿಟಕಿ ತೆರೆಯಬಹುದಿತ್ತು. ತೆರೆದ್ರೆ ಬಿಸಿ ಗಾಳಿ” ಎಂದೆ. ಹೇಳಿದ ಮೇಲೆ ಆ ತೆರೆದ ಕಿಟಕಿ, ಮುಖಕ್ಕೆ ಬಡಿಯುವ ಬಿಸಿ ಗಾಳಿ ಎಲ್ಲ ಕಣ್ಣಿಗೆ ಕಟ್ಟಿತು. ಅದು ನೆನಪಾಗಿ ಬಂತೋ, ನಾನು ಹೇಳಿದ್ದರಿಂದ ಹುಟ್ಟಿತೋ ತಿಳಿಯಲಿಲ್ಲ.

ಕೊರ್ದೋಬಾದಲ್ಲಿ ನಮ್ಮ ಬಾಯಿ ಸುಮತಿಯೇ. ಅವಳು ಸೆಂಟರ್‌ವಿಲ್‌ನ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಅಲ್ಲಿಗೆ ಬರುವ ಎಲ್ ಸಾಲ್ವಡೋರ್ ದೇಶದವರೊಡನೆ ಮಾತಾಡಿ ಮಾತಾಡಿ ಸ್ಪ್ಯಾನಿಷ್ ಕಲಿತಿದ್ದಾಳೆ. ಔಷಧಿ ಅಂಗಡಿಯ ಸ್ಪ್ಯಾನಿಷ್ ಅದು. ಊಟಕ್ಕೆ ಮೊದಲೋ ನಂತರವೋ, ದಿನಕ್ಕೆ ಎಷ್ಟು ಸಲ, ತಲೆ ಸುತ್ತುತ್ತದೆಯೇ ಎಂಬುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಮೊದಲ ದಿನ ಹೋಟೆಲಿನಲ್ಲಿ ಮಾಂಸ ಬೇಡವೆಂದು ಅವಳು ಎಷ್ಟು ಗಂಭೀರವಾಗಿ ಹೇಳಿದಳೆಂದರೆ, ಮಾಣಿ ಅದನ್ನು ಕಾಯಿಲೆಯೆಂದೇ ತಿಳಿದು ನನ್ನನ್ನು ಕನಿಕರದಿಂದ ನೋಡಿದ. ಆಮೇಲೆ ಟೊಮ್ಯಾಟೊದ ತಣ್ಣನೆಯ ಗಟ್ಟಿ ಸಾರು ತಂದಿಟ್ಟ. ಅದರ ಮೇಲೆ ಹಂದಿಮಾಂಸದ ಚೂರುಗಳನ್ನು ಉದುರಿಸಿದ್ದರು. ಅದು ಮಾಂಸವಲ್ಲ, ಬರೀ ರುಚಿಗೆ ಎಂಬುದು ಅವನ ವಾದ. ಅದನ್ನು ವಾಪಸು ಕಳಿಸಿ ಬದನೆಕಾಯಿ ತರಿಸಿದೆವು. ತೆಳ್ಳಗೆ ಕೊಯ್ದು ಕರಿದ ಬದನೆ, ಮೇಲೆ ಕಪ್ಪಗಿನ ಕಬ್ಬಿನ ಪಾಕ. ಬದನೆಕಾಯಿ ಬಜ್ಜಿಯ ಮೇಲೆ ಜೋನಿಬೆಲ್ಲ ಸುರಿದಂತೆ. ಹುಚ್ಚು ಸಂಬಂಧ ಅಂದುಕೊಂಡೇ ತಟ್ಟೆ ಖಾಲಿ ಮಾಡಿದೆವು.

ಕಂಬಗಳ ಕಾಡು

ಈ ಊರಿನ ದೊಡ್ಡ ಮಸೀದಿ ಈಗ ಕೆಥೆಡ್ರಲ್. ಕಿತ್ತಳೆ ಮರಗಳ ಪ್ರಾಕಾರ ದಾಟಿ ಬಾಗಿಲ ಹತ್ತಿರ ಬಂದ ಕೂಡಲೇ ಸುಮತಿ ಬಗ್ಗಿ ಸ್ಯಾಂಡಲ್‌ನ ಪಟ್ಟಿ ಬಿಚ್ಚತೊಡಗಿದಳು. ನಾನೂ ಯೋಚಿಸದೆ ಒಂದು ಶೂ ಕಳಚಿದ್ದೆ. ಕಾವಲಿನವನು ಓಡಿ ಬಂದು ಕೈಯಾಡಿಸಿದ. ಹಾಕಿಕೊಳ್ಳಿ, ಹಾಕಿಕೊಳ್ಳಿ.

“ಮಸೀದಿ, ಚರ್ಚು ಎರಡೂ ಅಂತೆ. ಚಪ್ಪಲಿ ಮಾತ್ರ ಹಾಕ್ಕೊಂಡೇ ಹೋಗ್ಬೇಕಂತೆ” ಎಂದು ಗೊಣಗುತ್ತ ಪಟ್ಟಿ ಬಿಗಿದುಕೊಂಡಳು. ಒಳಗೆ ಹೋದ ಮೇಲೂ, ಯಾರಿಗೋ ತಿಳಿಯಬಾರದು ಎಂಬಂತೆ, ಹೆಜ್ಜೆ ಸಪ್ಪಳವಾಗದಂತೆ ನಡೆದಳು.

ಒಳಗೆ ಕತ್ತಲು, ತಂಪು, ಮುಗಿಯದ ಕಂಬಗಳು. ಕಂಬದ ಮೇಲೆ ಕಮಾನು, ಕಮಾನಿನ ಮೇಲೆ ಇನ್ನೊಂದು ಕಮಾನು, ಎಲ್ಲಕ್ಕೂ ಕೆಂಪು ಬಿಳಿ ಪಟ್ಟೆ. ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಅದೇ ಓಣಿ. ಸ್ವಲ್ಪ ಹೊತ್ತಿಗೆ ದಿಕ್ಕು ತಪ್ಪಿತು. ಇನ್ನೂ ಸ್ವಲ್ಪ ಹೊತ್ತಿಗೆ ದಿಕ್ಕು ಬೇಕು ಅನ್ನಿಸುವುದೂ ನಿಂತಿತು. ನೀರಿನ ತಳದಲ್ಲಿ ನಡೆಯುವವರು ಹೀಗೇ ನಡೆಯುತ್ತಾರೇನೋ.

ಹತ್ತಿರ ಹೋಗಿ ನೋಡಿದರೆ ಕಂಬಗಳು ಒಂದರಂತೆ ಒಂದಿಲ್ಲ. ಒಂದು ನುಣುಪು, ಒಂದಕ್ಕೆ ತಿರುಚಿದ ಗೆರೆ; ಒಂದು ಕಪ್ಪು, ಒಂದು ಗುಲಾಬಿ. ಹಳೆಯ ರೋಮನ್ ಕಟ್ಟಡಗಳಿಂದ, ಹಳೆಯ ಚರ್ಚುಗಳಿಂದ ಸಿಕ್ಕಿದ್ದನ್ನೆಲ್ಲ ಹೊತ್ತು ತಂದು ನಿಲ್ಲಿಸಿದ್ದಾರೆ. ಉದ್ದವಾದದ್ದನ್ನು ನೆಲದೊಳಗೆ ಇಳಿಸಿದ್ದಾರೆ, ಗಿಡ್ಡದ್ದಕ್ಕೆ ಕೆಳಗೆ ಕಲ್ಲು ಕೊಟ್ಟಿದ್ದಾರೆ. ನಮ್ಮ ಕನ್ನಡ ಸಂಘದ ಯುಗಾದಿಗೆ ಎಲ್ಲರ ಮನೆಯಿಂದಲೂ ಕುರ್ಚಿ ತಂದು ಸಾಲಾಗಿ ಹಾಕುತ್ತೇವಲ್ಲ, ಹಾಗೆ. ದೂರದಿಂದ ನೋಡಿದರೆ ಒಂದೇ ಸಭೆ.

ಈ ಕಾಡಿನ ನಟ್ಟನಡುವೆ, ಕಂಬಗಳನ್ನು ಕಿತ್ತು, ಎತ್ತರದ ಬಿಳಿ ಚರ್ಚೊಂದನ್ನು ಎಬ್ಬಿಸಿದ್ದಾರೆ. ಅದಕ್ಕೆ ಒಪ್ಪಿಗೆ ಕೊಟ್ಟ ಚಕ್ರವರ್ತಿ ಆಮೇಲೆ ಬಂದು ನೋಡಿ, ಎಲ್ಲೂ ಇಲ್ಲದ್ದನ್ನು ಕೆಡವಿ ಎಲ್ಲೆಲ್ಲೂ ಇರುವುದನ್ನು ಕಟ್ಟಿದಿರಲ್ಲ ಎಂದು ಪರಿತಪಿಸಿದನಂತೆ. ಪ್ರತಿಯೊಬ್ಬ ಗೈಡೂ ಅವನ ಮಾತನ್ನು ಎದುರಿಗೆ ನಿಂತು ಕೇಳಿಸಿಕೊಂಡವನಂತೆ ಹೇಳುತ್ತಿದ್ದ. ನಾನು ನಂಬಲಿಲ್ಲ. ಚೆನ್ನಾಗಿ ಮುಗಿಯುವ ಕಥೆಯನ್ನು ಕಂಡರೆ ನನಗೆ ಅನುಮಾನ.

ಸುಮತಿ ನನ್ನನ್ನೇ ನೋಡಿದಳು. “ನಿಂಬೆಹಣ್ಣಿನ ಕಥೇನೂ ಚೆನ್ನಾಗೇ ಮುಗಿಯುತ್ತೆ, ಅಲ್ವಾ?”

ಮೂಲೆಗೊಂದು ಕಲ್ಲು

ಆ ಮನೆಯನ್ನು ಹುಡುಕಲು ನನ್ನ ಬಳಿ ಇದ್ದ ಗುರುತು ಒಂದೇ. ಓಣಿಯ ತಿರುವಿನಲ್ಲಿ, ಗೋಡೆಯ ಮೂಲೆಗೆ ಒಂದು ರೋಮನ್ ಕಂಬದ ತುಂಡನ್ನು ಹುಗಿದಿದ್ದರು, ಅದರ ಎದುರಿಗೇ ಬಾಗಿಲು. ಇದೇನು ಕಡಿಮೆ ಗುರುತೇ ಎಂದುಕೊಂಡಿದ್ದೆ.

ಈ ಊರಿನಲ್ಲಿ ಮೂಲೆಮೂಲೆಗೂ ಅಂಥ ಕಂಬವಿದೆ. ಹಿಂದೆ ಗಾಡಿಯ ಚಕ್ರ ತಗುಲಿ ಗೋಡೆ ಸವೆಯದಿರಲೆಂದು, ನೆಲ ಅಗೆದಾಗ ಸಿಕ್ಕ ರೋಮನ್ ಕಂಬಗಳನ್ನೆಲ್ಲ ಹೀಗೆ ಮೂಲೆಗೆ ನಿಲ್ಲಿಸಿದರಂತೆ. ನಾನು ಒಂದೊಂದು ಕಂಬದ ಬಳಿಯೂ ನಿಂತು, ಮೈ ಸವರಿ, ಎದುರಿಗಿನ ಬಾಗಿಲು ನೋಡುತ್ತಿದ್ದೆ. ಕೆಲವು ಬಾಗಿಲ ಹಿಂದೆ ಮೆಟ್ಟಿಲು, ಕೆಲವಕ್ಕೆ ಬೀಗ, ಒಂದರ ಹಿಂದೆ ಹಲ್ಲಿನ ಡಾಕ್ಟರು.

ಮೇ ತಿಂಗಳ ಮೊದಲ ಭಾಗದಲ್ಲಿ ಇಲ್ಲಿ ಅಂಗಳಗಳ ಹಬ್ಬ. ಜನ ತಮ್ಮ ಮನೆಯ ಒಳ ಅಂಗಳವನ್ನು ಹೂಕುಂಡಗಳಿಂದ ತುಂಬಿ, ಬಾಗಿಲು ತೆರೆದು, ಗುರುತು ಪರಿಚಯವಿಲ್ಲದವರನ್ನು ಒಳಗೆ ಬಿಡುತ್ತಾರೆ. ನಾವು ಹೋದದ್ದು ಹಬ್ಬ ಮುಗಿದ ಮೇಲೆ. ಆದರೂ ಹಲವು ಬಾಗಿಲುಗಳು ತೆರೆದೇ ಇದ್ದವು. ಹಣಿಕಿದರೆ ನೀಲಿ ಕುಂಡಗಳು, ಕೆಂಪು ಜೆರೇನಿಯಂ, ಮಲ್ಲಿಗೆಯ ಬಳ್ಳಿ. ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಒಂದು ವಠಾರದಲ್ಲಿ. ಈ ಅಂಗಳಗಳೂ ಒಂದು ಕಾಲಕ್ಕೆ ವಠಾರಗಳೇ ಅಂತೆ. ಸುತ್ತ ಸಂಸಾರಗಳು, ನಡುವೆ ಒಂದೇ ಒಗೆಯುವ ಕಲ್ಲು. ಆ ಕಲ್ಲಿಗಾಗಿ ನಡೆದಿರಬಹುದಾದ ಜಗಳಗಳು ನನಗೆ ಕೇಳಿಸುತ್ತಿದ್ದವು. ನಮ್ಮ ವಠಾರದಲ್ಲಿ ಮಾತ್ರ ಯಾರೂ ಗೋಡೆಗೆ ಹೂ ತಗುಲಿಸಲಿಲ್ಲ.

ಮಧ್ಯಾಹ್ನದ ಹೊತ್ತು ಊರಿಗೆ ಊರೇ ನಿದ್ದೆ ಹೋಗುತ್ತಿತ್ತು. ಬಿಳಿ ಗೋಡೆಗಳ ಮೇಲೆ ಬಿಸಿಲು ನಿಂತು, ಓಣಿಗಳು ಯಾರೋ ಕಾಣುತ್ತಿರುವ ಕನಸಿನಂತೆ ಖಾಲಿ. ನಮ್ಮ ಹೆಜ್ಜೆಯ ಸದ್ದು ನಮಗಿಂತ ಮುಂದೆ ಹೋಗಿ ಮೂಲೆಯಲ್ಲಿ ಕಾಯುತ್ತಿತ್ತು. ಅಂಥ ಒಂದು ಮಧ್ಯಾಹ್ನ, ಹಳೆಯ ಕೋಟೆಗೋಡೆಯ ಬಳಿ ಒಮ್ಮೆಲೇ ಅವಳು ಕಂಡಳು. ಉದ್ದ ಕೋಲು, ತುದಿಗೆ ಡಬ್ಬಿ, ಗೋಡೆಯ ಕುಂಡಕ್ಕೆ ಎತ್ತಿದ ಕೈ. ಸುಮತಿಯನ್ನು ಬಿಟ್ಟು ದಾಪುಗಾಲು ಹಾಕಿದೆ.

ಕಂಚಿನ ಪ್ರತಿಮೆ. ಅಂಗಳಗಳನ್ನು ಕಾಪಾಡುವ ಹೆಂಗಸರ ಗೌರವಕ್ಕೆಂದು ಈಚಿನ ವರ್ಷಗಳಲ್ಲಿ ನಿಲ್ಲಿಸಿದ್ದು. ಜನ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

“ಇದರ ಫೋಟೋ ಎಲ್ಲೋ ನೋಡಿರ್ತೀನಿ ಕಣೇ,” ಎಂದೆ. “ಅದನ್ನ ನೋಡಿ, ನನಗೇ ಆಗಿದ್ದು ಅಂದ್ಕೊಂಡಿದ್ದೀನಿ.”

ಸುಮತಿ ಪ್ರತಿಮೆಯ ನೆರಳಿನಲ್ಲಿ ಕುಳಿತು ನೀರಿನ ಬಾಟಲಿ ನನ್ನತ್ತ ಚಾಚಿದಳು. ಗೆದ್ದವಳ ಮುಖವಾಗಿರಲಿಲ್ಲ ಅದು. “ಈ ಕಥೇನ ನೀವು ನನಗೆ ಹೇಳಿದ್ದು ಮದುವೆಗೆ ಮುಂಚೆ, ಫೋನಲ್ಲಿ. ಆಗ ಈ ಬೊಂಬೆ ಎಲ್ಲಿತ್ತು?” ಎಂದಳು.

ನನಗೆ ಹಾಗೆ ಫೋನಿನಲ್ಲಿ ಹೇಳಿದ್ದೇ ನೆನಪಿರಲಿಲ್ಲ.

ಬೆಟ್ಟದ ಬುಡದ ಊರು

ಮರುದಿನ ಹುಡುಕಾಟಕ್ಕೆ ರಜೆ ಕೊಟ್ಟು ಊರಾಚೆಗಿನ ಮದೀನಾ ಅಸಾರಾಕ್ಕೆ ಬಸ್ಸು ಹಿಡಿದೆವು. ಸಾವಿರ ವರ್ಷಗಳ ಹಿಂದೆ ಇಲ್ಲಿನ ಖಲೀಫನೊಬ್ಬ ಬೆಟ್ಟದ ಬುಡದಲ್ಲಿ ಕಟ್ಟಿಸಿದ ಅರಮನೆಯ ನಗರ ಅದು. ಒಂದು ಜೀವಮಾನದಷ್ಟು ಕಾಲ ಬಾಳಿ, ಅಂತರ್ಯುದ್ಧದಲ್ಲಿ ಸುಟ್ಟು ಸುಲಿಗೆಯಾಗಿ ಮಣ್ಣಿನಡಿಗೆ ಹೋಯಿತು. ಎಷ್ಟೋ ಕಾಲ ದನ ಮೇಯುವ ಜಾಗವಾಗಿತ್ತಂತೆ. ಶ್ರೀರಂಗಪಟ್ಟಣದಲ್ಲಿ ಅರಮನೆ ಇತ್ತು ಎಂದು ಹುಲ್ಲು ತೋರಿಸುತ್ತಾರಲ್ಲ, ಆ ಹುಲ್ಲನ್ನು ಅಗೆದರೆ ಒಳಗಿಂದ ಊರು ಎದ್ದು ಬಂದಂತೆ.

ಇಲ್ಲಿಯೂ ಕಥೆಗಳಿಗೆ ಬರವಿಲ್ಲ. ಜಹ್ರಾ ಎಂಬ ಪ್ರೇಯಸಿಗಾಗಿ ಕಟ್ಟಿಸಿದನಂತೆ. ಅವಳಿಗೆ ಹುಟ್ಟೂರಿನ ಹಿಮ ನೆನಪಾಗಿ ಅತ್ತಾಗ ಬೆಟ್ಟಕ್ಕೆಲ್ಲ ಬಾದಾಮಿ ಮರ ನೆಡಿಸಿದನಂತೆ, ಬಿಳಿ ಹೂ ಬಿಟ್ಟಾಗ ಹಿಮ ಬಿದ್ದಂತೆ ಕಾಣಲೆಂದು. ದರ್ಬಾರಿನ ನಡುವೆ ಪಾದರಸದ ಕೊಳವಿತ್ತಂತೆ. ಆಳು ಅದನ್ನು ಅಲುಗಿಸಿದರೆ ಬೆಳಕಿನ ತುಣುಕುಗಳು ಗೋಡೆಗಳ ಮೇಲೆ ಸುತ್ತಿ, ಕೋಣೆಯೇ ತೇಲುತ್ತಿದೆಯೆಂದು ಬಂದವರು ಹೆದರುತ್ತಿದ್ದರಂತೆ. ಪಾದರಸದ ಕೊಳದ ಗುರುತು ಇಂದಿಗೂ ಸಿಕ್ಕಿಲ್ಲ. ಜಹ್ರಾಳದೂ ಅಷ್ಟೇ.

ಗಾಳಿ ಬೀಸುತ್ತಿತ್ತು. ಒಣಹುಲ್ಲಿನ ನಡುವೆ ಕೆಂಪು ಗಸಗಸೆ ಹೂಗಳು ಅಲ್ಲಲ್ಲಿ ಉಳಿದಿದ್ದವು. ಕೆಳಗೆ ನದಿಯ ಬಯಲು ಮಂಜಿನಲ್ಲಿ ಮುಳುಗಿ ಸಮುದ್ರದಂತಿತ್ತು. ನಾವು ಒಂದು ಗೋಡೆಯ ಮುಂದೆ ನಿಂತೆವು. ಬಳ್ಳಿ, ಎಲೆ, ಮೊಗ್ಗುಗಳ ಕೆತ್ತನೆ. ಒಡೆದು ಚೂರುಚೂರಾಗಿ ಸಿಕ್ಕಿದ್ದನ್ನು ಒಂದೊಂದಾಗಿ ಹೊಂದಿಸಿ ಮತ್ತೆ ಗೋಡೆಗೇರಿಸಿದ್ದಾರೆ. ಆದರೆ ಗೋಡೆ ತುಂಬಿಲ್ಲ. ಸಿಕ್ಕ ಚೂರಿನ ಪಕ್ಕ, ಸಿಗದ ಕಡೆ, ಬರೀ ಸಾದಾ ಗಾರೆ. ಬಳ್ಳಿ ಒಂದು ಕಡೆ ಮಾಯವಾಗಿ, ಮೊಳದಾಚೆ ಮತ್ತೆ ಹುಟ್ಟಿ ಮುಂದಕ್ಕೆ ಹೋಗುತ್ತದೆ.

“ನಡುವೆ ಯಾಕೆ ಬಿಟ್ಟಿದ್ದಾರೆ? ಹೇಗಿರುತ್ತೆ ಅಂತ ನೋಡಿದ್ರೇ ಗೊತ್ತಾಗುತ್ತಲ್ಲ, ಕೆತ್ತಬಹುದಿತ್ತು,” ಎಂದಳು ಸುಮತಿ.

“ಹೊಸದು ಯಾವುದು, ಹಳೇದು ಯಾವುದು ಅಂತ ಬೆರೆತುಹೋಗಬಾರದು. ಅದಕ್ಕೆ ಬೇಕಂತಲೇ ಸಾದಾ ಬಿಟ್ಟಿರ್ತಾರೆ.”

ಅವಳು ಗೋಡೆಯನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದಳು. “ನೀವಾಗಿದ್ರೆ ಪೂರ್ತಿ ಕೆತ್ತಿಬಿಡ್ತಿದ್ರಿ. ತೆರೆದ ಕಿಟಕಿ, ಬಿಸಿ ಗಾಳಿ ಎಲ್ಲಾ ಸೇರಿಸಿ.”

ರೈಲಿನಲ್ಲೇ ಅವಳಿಗೆ ಗೊತ್ತಾಗಿತ್ತು.

ಚಪ್ಪಲಿ ಬಿಟ್ಟ ಮನೆ

ಕೊನೆಯ ದಿನ ಬೆಳಿಗ್ಗೆಯೇ ನಾನು ಹುಡುಕುವುದನ್ನು ಬಿಟ್ಟಿದ್ದೆ. ಹಳೆಯ ಸೇತುವೆಯ ಮೇಲೆ ನಿಂತು, ಗ್ವಾದಲ್ಕಿವಿರ್ ನದಿಯ ನಡುವೆ ಪಾಳುಬಿದ್ದ ನೀರಿನ ಗಿರಣಿಗಳ ಮೇಲೆ ಬೆಳ್ಳಕ್ಕಿಗಳು ಕುಳಿತದ್ದನ್ನು ನೋಡಿದೆವು. ವಾಪಸು ಬರುವಾಗ ಸುಮತಿಗೆ ಬಿಸಿಲು ತಡೆಯಲಾಗಲಿಲ್ಲ. ಓಣಿಯೊಂದರಲ್ಲಿ ಬಾಗಿಲು ತೆರೆದಿತ್ತು. ಒಳಗಿಂದ ತಣ್ಣನೆಯ ಗಾಳಿ, ಒದ್ದೆ ಮಣ್ಣಿನ ವಾಸನೆ. ಎದುರು ಮೂಲೆಯಲ್ಲಿ ಒಂದು ಕಂಬದ ತುಂಡು. ನಾನು ಅದನ್ನು ಸರಿಯಾಗಿ ನೋಡಲೂ ಇಲ್ಲ.

ಬಾಗಿಲ ಹೊರಗೆ ಸುಮತಿ ಸ್ಯಾಂಡಲ್ ಕಳಚಿಟ್ಟಳು. ಇಲ್ಲಿ ತಡೆಯಲು ಕಾವಲಿನವನಿರಲಿಲ್ಲ. ಯಾರದೋ ಮನೆ, ಒಳಗೆ ತೊಳೆದ ನೆಲ. ನಾನೂ ಶೂ, ಕಾಲುಚೀಲ ಬಿಚ್ಚಿಟ್ಟೆ.

ಅಂಗಳದ ನೆಲ ನದಿಯ ಉರುಟು ಕಲ್ಲುಗಳದು. ಕಪ್ಪು ಬಿಳಿ ಕಲ್ಲುಗಳನ್ನು ಒತ್ತೊತ್ತಾಗಿ ಜೋಡಿಸಿ ಹೂವಿನ ಚಿತ್ರ ಮಾಡಿದ್ದರು. ಆಗತಾನೇ ನೀರು ಬಿದ್ದಿತ್ತು. ಅಂಗಾಲಿಗೆ ಆ ತಣ್ಣನೆಯ, ಉಬ್ಬುತಗ್ಗಿನ ಕಲ್ಲು ತಾಗಿದ್ದೇ ತಡ ಮೈಯೆಲ್ಲ ಜುಮ್ಮೆಂದಿತು. ಈ ನೆಲವನ್ನು ತುಳಿದಿದ್ದೇನೆ ಎಂದು ಕಾಲು ಹೇಳಿತು. ಕಾಲು ಹೇಳಿದ್ದನ್ನೆಲ್ಲ ನಂಬಲಾಗದು ಎಂದು ನಾನು ಹೇಳಿದೆ.

ಹೂವಿನ ಚಿತ್ತಾರದ ಏಪ್ರನ್ ತೊಟ್ಟ ದಪ್ಪನೆಯ ಹೆಂಗಸೊಬ್ಬಳು ಕೋಲಿನ ತುದಿಯ ಡಬ್ಬಿಯಿಂದ ಕುಂಡಗಳಿಗೆ ನೀರು ಹಾಕುತ್ತಿದ್ದಳು. ನನ್ನದೇ ವಯಸ್ಸಿರಬಹುದು. ಹೆಸರು ರಫಾಯೆಲಾ ಎಂದಳು. ಕುಳಿತುಕೊಳ್ಳಿ ಎಂದು ಹುಲ್ಲು ಹೆಣೆದ ಕುರ್ಚಿ ತೋರಿಸಿದಳು. ನಾನು ಸುತ್ತ ನೋಡಿದೆ. ನಡುವೆ ಇದ್ದದ್ದು ಕಿತ್ತಳೆ ಮರ. ಮೂಲೆಯಲ್ಲಿ ನಲ್ಲಿ, ಅದರ ಕೆಳಗೆ ಕಲ್ಲಿನ ತೊಟ್ಟಿ. ಸುಮತಿ ನನ್ನ ಪರವಾಗಿ ಕೇಳಿದಳು. ಇಲ್ಲಿ ಬಾವಿ ಇತ್ತೇ? ಇರಲಿಲ್ಲ. ಅಮ್ಮ ಚೌಕದ ಕಾರಂಜಿಯಿಂದ ನೀರು ಹೊರುತ್ತಿದ್ದಳು. ನಿಂಬೆಗಿಡ? ರಫಾಯೆಲಾ ತಲೆಯಾಡಿಸಿದಳು. ಇದೇ ಕಿತ್ತಳೆ, ಅಜ್ಜ ನೆಟ್ಟದ್ದು.

ಅಷ್ಟರಲ್ಲಿ ಬಾಗಿಲಲ್ಲಿ ಗುಜುಗುಜು. ಬೇರೆ ದೇಶದ ಪ್ರವಾಸಿಗಳ ಗುಂಪೊಂದು ಒಳಗೆ ಬಂತು. ಎಲ್ಲರೂ ಬರಿಗಾಲಿನಲ್ಲಿ, ತುದಿಗಾಲಿನಲ್ಲಿ, ದೇವರ ಮನೆಗೆ ಬಂದವರಂತೆ ಪಿಸುಮಾತಿನಲ್ಲಿದ್ದರು. ರಫಾಯೆಲಾ ಅವರ ಕಾಲು ನೋಡಿದಳು, ನಮ್ಮ ಕಾಲು ನೋಡಿದಳು, ಬಾಗಿಲಿಗೆ ಹೋಗಿ ಹಣಿಕಿದಳು. ಹೊರಗೆ, ನಮ್ಮ ಚಪ್ಪಲಿಯ ಪಕ್ಕ, ಅಷ್ಟೂ ಜನರ ಬೂಟುಗಳು ಓಣಿಯುದ್ದಕ್ಕೆ ಸಾಲಾಗಿ ನಿಂತಿದ್ದವು. ನಾವು ಬಿಟ್ಟದ್ದನ್ನು ಕಂಡು ಅದೇ ಇಲ್ಲಿನ ಪದ್ಧತಿಯೆಂದು ಅವರು ತಿಳಿದಿದ್ದರು.

ಅವಳು ನಗತೊಡಗಿದಳು. ನಿಲ್ಲಲಾಗದೆ ತೊಟ್ಟಿಯ ಕಟ್ಟೆಯ ಮೇಲೆ ಕುಳಿತು, ಕೋಲನ್ನು ಗೋಡೆಗೊರಗಿಸಿ, ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಸುಮತಿಗೆ ಏನೋ ಹೇಳತೊಡಗಿದಳು. ಸುಮತಿ ನಡುನಡುವೆ ತಡೆದು ಕೇಳಿ, ನನಗೆ ಕನ್ನಡದಲ್ಲಿ ಹೇಳುತ್ತ ಹೋದಳು.

“ಇವಳು ಮದುವೆ ವಯಸ್ಸಿನ ಹುಡುಗಿ ಆಗಿದ್ದಾಗ ಒಂದ್ಸಲ ಹೀಗೇ ಆಗಿತ್ತಂತೆ. ಮಧ್ಯಾಹ್ನ ಎಲ್ಲಾ ಮಲಗಿದ್ದಾಗ ಒಬ್ಬ ಬಂದ್ನಂತೆ, ಸಣಕಲು, ಗಡ್ಡ. ಇಂಡಿಯಾ ಅಂದ್ನಂತೆ. ಶೂ ಹೊರಗೆ ಬಿಟ್ಟು ಬಂದಿದ್ನಂತೆ, ಬೀದೀಲಿ! ಇವಳು ಅಡುಗೆಮನೆ ಪರದೆ ಹಿಂದೆ ನಿಂತು ನಕ್ಕಿದ್ದೇ ನಕ್ಕಿದ್ದಂತೆ. ಇವಳಮ್ಮ ನೀರು ಕೊಟ್ರಂತೆ. ವಾಪಸ್ ಹೋಗೋಷ್ಟರಲ್ಲಿ ಪಕ್ಕದ ಮನೆ ನಾಯಿ ಒಂದು ಶೂ ಎತ್ಕೊಂಡು ಹೋಗಿತ್ತಂತೆ.”

“ಆಮೇಲೆ?”

“ತೀರಿಕೊಂಡ ಗಂಡನ ಚಪ್ಪಲಿ ಕೊಟ್ಟು ಕಳಿಸಿದ್ರಂತೆ. ಉಳಿದ ಒಂದು ಶೂಗೆ ಮಣ್ಣು ತುಂಬಿ, ಗೋಡೆಗೆ ಮೊಳೆ ಹೊಡೆದು ತಗುಲಿಸಿ, ಹೂವಿನ ಗಿಡ ಹಾಕಿದ್ರಂತೆ. ಅದು ಕೊಳೆತು ಹೋದ್ಮೇಲೆ ಅದೇ ಮೊಳೆಗೆ ಕುಂಡ ತಗುಲಿಸಿದ್ದಾರೆ. ಅಲ್ಲಿ ಮೇಲೆ, ಕೊನೇ ಸಾಲಲ್ಲಿ. ಮನೇಲಿ ಈಗ್ಲೂ ಅದನ್ನ ‘ಇಂಡಿಯಾದವನು’ ಅಂತಾರಂತೆ. ಇಂಡಿಯಾದವನಿಗೆ ನೀರು ಹಾಕಿದ್ರಾ ಅಂತ ಕೇಳ್ತಾರಂತೆ.”

ನಾನು ಮೇಲೆ ನೋಡಿದೆ. ಬಿಳಿ ಗೋಡೆಯ ತುತ್ತತುದಿಯಲ್ಲಿ ಒಂದು ನೀಲಿ ಕುಂಡ, ಅದರಿಂದ ಇಳಿಬಿದ್ದ ಕೆಂಪು ಹೂ.

ಶೂ ಕಳೆದುಕೊಂಡದ್ದು ನನಗೆ ನೆನಪಿರಲಿಲ್ಲ. ಒಂದಿಷ್ಟೂ ಇಲ್ಲ. ಸತ್ತವನ ಚಪ್ಪಲಿ ಮೆಟ್ಟಿಕೊಂಡು ಪರದೇಶದಲ್ಲಿ ರೈಲು ಹತ್ತಿದವನು ಅದನ್ನು ಮರೆಯುವುದು ಹೇಗೆ?

“ಬೇರೆ ಯಾರೋ ಇರ್ಬಹುದು,” ಎಂದೆ. “ಇಂಡಿಯಾದಿಂದ ಎಷ್ಟೋ ಜನ ಬಂದಿರ್ತಾರೆ. ಚಪ್ಪಲಿ ಬಿಡೋದು ನಮ್ಮೆಲ್ಲರ ಅಭ್ಯಾಸ.”

ಸುಮತಿ ರಫಾಯೆಲಾಳನ್ನು ಏನೋ ಕೇಳಿದಳು, ಕೈಯಲ್ಲಿ ಹಗ್ಗ ಸುತ್ತುವಂತೆ ಮಾಡಿ ತೋರಿಸಿದಳು. ರಫಾಯೆಲಾ ಹೌದೆಂದಳು. ಸುಮತಿ ನಿಧಾನವಾಗಿ ನನ್ನ ಕಡೆ ತಿರುಗಿದಳು.

“ರೀ, ಮದುವೆ ಆಗಿ ನಾನು ಬಂದಾಗ ನಿಮ್ಮ ಅಪಾರ್ಟ್‌ಮೆಂಟ್ ಕ್ಲಾಸೆಟ್‌ನಲ್ಲಿ ಒಂದು ಜೊತೆ ಚಪ್ಪಲಿ ಇತ್ತು. ನೀಲಿ ಬಟ್ಟೆ, ಹಗ್ಗದ ಅಟ್ಟೆ. ನಿಮ್ಮ ಕಾಲಿಗಿಂತ ಚಿಕ್ಕದು.”

“ಏನು ಮಾಡಿದೆ ಅದನ್ನ?”

“ಬಿಸಾಕ್ದೆ.”

“ಯಾಕೆ?”

“ಯಾವಳದ್ದೋ ಅಂದ್ಕೊಂಡೆ.”

ಪ್ರವಾಸಿಗಳು ಹೂವಿನ ಫೋಟೋ ತೆಗೆಯುತ್ತಿದ್ದರು. ಕಿತ್ತಳೆ ಮರದಲ್ಲಿ ಯಾವುದೋ ಹಕ್ಕಿ ಕೂಗಿ ಸುಮ್ಮನಾಯಿತು.

“ಇಷ್ಟು ವರ್ಷ ಒಂದ್ಸಲಾನೂ ಕೇಳ್ಲಿಲ್ವಲ್ಲೇ!”

“ಕೇಳಿದ್ರೆ ಸಾಕ್ಷಿ ಎಲ್ಲಿ ಅಂತಿದ್ರಿ. ಸಾಕ್ಷೀನ ನಾನೇ ಕಸಕ್ಕೆ ಹಾಕಿದ್ದೆ.”

“ಈಗ ಇವಳ ಕಥೆ ಕೇಳಿ ನಿನಗೆ ಹಾಗನ್ನಿಸ್ತಿರಬಹುದು. ಆ ಚಪ್ಪಲಿ ನೀಲಿ ಬಣ್ಣದ್ದಾ ಅಂತ ಕೇಳು ಅವಳನ್ನ.”

ಕೇಳಿದಳು. ಅಪ್ಪನ ಚಪ್ಪಲಿಯ ಬಣ್ಣ ಈಗ ಯಾರಿಗೆ ನೆನಪಿದೆ ಎಂದು ರಫಾಯೆಲಾ ಭುಜ ಹಾರಿಸಿದಳು. ಸುಮತಿ ನನ್ನನ್ನು ನೇರವಾಗಿ ನೋಡಿದಳು. “ಹೊಸ ಮದುವಣಗಿತ್ತಿ, ಗಂಡನ ಕ್ಲಾಸೆಟ್‌ನಲ್ಲಿ ಸಿಕ್ಕಿದ್ದನ್ನ ಮರೀತಾಳಾ? ನನ್ನ ಮೆಮೊರಿಗೆ ಯಾವ ಅಪಾಯಿಂಟ್‌ಮೆಂಟೂ ಬೇಕಿಲ್ಲ ರೀ.”

ರಫಾಯೆಲಾಗೆ ಏನು ನಡೆಯುತ್ತಿದೆ ತಿಳಿಯಬೇಕಿತ್ತು. ಸುಮತಿ ತನಗೆ ಬಂದಷ್ಟು ಹೇಳಿದಳು. ಕೇಳುತ್ತ ಕೇಳುತ್ತ ರಫಾಯೆಲಾಳ ಬಾಯಿ ತೆರೆಯಿತು. ಎದ್ದು ನನ್ನ ಮುಂದೆ ನಿಂತು, ಮುಖವನ್ನಲ್ಲ, ಪಾದಗಳನ್ನು ಬಹಳ ಹೊತ್ತು ನೋಡಿದಳು. ಇರಬಹುದು ಎಂಬಂತೆ ತಲೆ ಓರೆ ಮಾಡಿದಳು. ಆಮೇಲೆ ಕೋಲನ್ನು ನನ್ನ ಕೈಗೆ ಕೊಟ್ಟು ಮೇಲಕ್ಕೆ ಬೆರಳು ತೋರಿಸಿದಳು.

ತುಂಬಿದ ಡಬ್ಬಿ ಆ ತುದಿಯಲ್ಲಿ ಎಷ್ಟು ಭಾರ ಎಂಬುದು ನನ್ನ ಕಥೆಯಲ್ಲಿ ಎಂದೂ ಬಂದಿರಲಿಲ್ಲ. ಕೋಲು ವಾಲಿ ಮೊದಲ ಡಬ್ಬಿಯ ನೀರೆಲ್ಲ ನನ್ನ ಕತ್ತಿನ ಮೇಲೆ ಸುರಿಯಿತು. ಎರಡನೆಯದರಲ್ಲಿ ಅರ್ಧ ಕುಂಡ ಸೇರಿತು. ಮೇಲಿನಿಂದ ಹನಿಗಳು ಎಲೆಯಿಂದ ಎಲೆಗೆ ಇಳಿಯುತ್ತ ಬಂದು ನೆಲದ ಕಲ್ಲುಗಳ ಮೇಲೆ ಬೀಳುವುದನ್ನು ಮೂವರೂ ಕೇಳಿದೆವು.

ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಾಗ, “ಮನೆ ಸಿಕ್ಕಿತಲ್ಲ” ಎಂದೆ.

“ಮನೆ ಸಿಕ್ತು. ನಿಂಬೆ ಇಲ್ಲ, ಬಾವಿ ಇಲ್ಲ. ಫೇಲ್.”

ವಾದಿಸಲು ಬಾಯಿ ತೆರೆದೆ. ನಿಂಬೆಹಣ್ಣನ್ನು ರೈಲು ನಿಲ್ದಾಣದಲ್ಲಿ ಕೊಂಡಿರಬಹುದು. ಬಾವಿ ನಮ್ಮ ವಠಾರದ್ದಿರಬಹುದು. ಬೇಕಾದರೆ ಇಡೀ ಬಳ್ಳಿಯನ್ನು ಅಲ್ಲೇ ನಿಂತು ಕೆತ್ತಿಬಿಡಬಲ್ಲವನಾಗಿದ್ದೆ.

“ಹೋಗ್ತೀನಿ” ಎಂದೆ.

ಫೇರ್‌ಫ್ಯಾಕ್ಸ್

ಆಸ್ಪತ್ರೆಯ ಕೋಣೆಯಲ್ಲಿ ಕಿಟಕಿಯಿರಲಿಲ್ಲ. ನಗುಮುಖದ ಹುಡುಗಿಯೊಬ್ಬಳು ತೂಕ ನೋಡಿದಳು, ಕೆಲವು ಪದಗಳನ್ನು ಹೇಳಿ ನೆನಪಿಟ್ಟುಕೊಳ್ಳಿ ಎಂದಳು. ಗಡಿಯಾರ ಬರೆಸಿದಳು, ಹಿಮ್ಮುಖವಾಗಿ ಎಣಿಸಲು ಹೇಳಿದಳು. ನಂತರ ಮೊದಲಿನ ಪದಗಳನ್ನು ಕೇಳಿದಳು. ಕೆಲವನ್ನು ಹೇಳಿದೆ. ಒಂದು ಸಿಗಲಿಲ್ಲ. ಅದರ ಜಾಗದಲ್ಲಿ ಕೂರಬಹುದಾದ ಒಳ್ಳೊಳ್ಳೆಯ ಪದಗಳು ನಾಲಿಗೆಯ ಮೇಲೆ ಬಂದು ನಿಂತವು. ಎಲ್ಲವೂ ನಂಬುವಂಥವೇ.

“ಅದು ಗೊತ್ತಿಲ್ಲ. ಅಲ್ಲಿ ಖಾಲಿ ಇದೆ” ಎಂದೆ. ಅವಳು ಬರೆದುಕೊಂಡಳು.

ಕೊನೆಗೆ ಡಾಕ್ಟರು ಬಂದು ಎಲ್ಲವನ್ನೂ ನೋಡಿ, ಹೆಚ್ಚಿನದು ವಯಸ್ಸಿಗೆ ತಕ್ಕ ಮರೆವು ಎಂದರು. ಒಂದೆರಡು ಕಡೆ ಅದಕ್ಕಿಂತ ತುಸು ಜಾಸ್ತಿ ಇದೆ, ಆರು ತಿಂಗಳು ಬಿಟ್ಟು ಮತ್ತೆ ಬನ್ನಿ, ಹೋಲಿಸಿ ನೋಡೋಣ. ಬಂದೇ ಬರುತ್ತೇನೆ ಎಂದೆ. ನನ್ನ ಕಸುಬಿನವನಿಗೆ ಹೋಲಿಸಿ ನೋಡುವುದು ಅರ್ಥವಾಗುವ ಮಾತು.

ಹೊರಗೆ ಸುಮತಿ ಕಾಯುತ್ತಿದ್ದಳು. ನಾನು ಹೇಳುವುದನ್ನೆಲ್ಲ ಕೇಳಿಸಿಕೊಂಡು, ಒಮ್ಮೆ ಕಣ್ಣು ಮುಚ್ಚಿ ತೆರೆದು, ಕೆಳಗೆ ನೋಡಿದಳು.

“ರೀ, ಶೂ ಎಲ್ಲಿ?”

ನಾನೂ ನೋಡಿಕೊಂಡೆ. ಬರೀ ಕಾಲುಚೀಲದಲ್ಲಿ ನಿಂತಿದ್ದೆ. ತೂಕ ನೋಡುವಾಗ ಬಿಚ್ಚಿದ್ದೆನೋ, ಕೋಣೆಯ ಬಾಗಿಲಲ್ಲೇ ಬಿಟ್ಟಿದ್ದೆನೋ.

ಅವಳು ಒಳಗೆ ಹೋಗಿ ಶೂಗಳನ್ನು ಹಿಡಿದುಕೊಂಡು ಬಂದಳು. ಎಲ್ಲರೂ ನೋಡುತ್ತಿದ್ದರು. ಅವಳು ಬಗ್ಗಿ, ಎರಡನ್ನೂ ಜೋಡಿಸಿ, ನಾನು ಕಾಲಿಡಲು ಅನುಕೂಲವಾಗುವಂತೆ ನನ್ನ ಕಡೆ ತಿರುಗಿಸಿ ಇಟ್ಟಳು. ಕಪ್ಪು ಬಟ್ಟೆಯ ಆ ಹೆಂಗಸೂ ಗಂಡನ ಚಪ್ಪಲಿಯನ್ನು ಹೀಗೇ ಇಟ್ಟಿರಬೇಕು. ನನಗೆ ನೆನಪಿಲ್ಲ.